ಫೀವರ್ ಪ್ಯಾಕೇಜ್ ತಗೊಂಡೆ, ಜೊತೆಗೆ ಭಯವೂ ಬಂತು

ಮೈಸೂರಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಮಳೆ ಶುರುವಾದರೆ ಸಾಕು, ಮೊಬೈಲ್ ಹಿಡಿದುಕೊಂಡು ಬ್ಲಡ್ ರಿಪೋರ್ಟ್ ಪ್ರಿಂಟ್ ಹಾಕಿಸಲು ಬರುವವರೇ ಜಾಸ್ತಿ. ಈ ಸಲ ನನ್ನ ಮಗಳದ್ದೇ ಹಾಕಿದೆ.

ಜ್ವರ 103. ಕಣ್ಣಿನ ಹಿಂದೆ ನೋವು, ಮೈಕೈ ಯಾರೋ ಬಡಿದ ಹಾಗೆ. ಮೂರನೇ ದಿನ ಡಾಕ್ಟರು ಸಿಬಿಸಿ (ರಕ್ತಕಣಗಳ ಲೆಕ್ಕ), ಎನ್‌ಎಸ್-1 (ಡೆಂಗ್ಯೂ ಟೆಸ್ಟ್), ಸಿಆರ್‌ಪಿ ಅಂತ ಚೀಟಿ ಬರೆದರು. ಮನೆಗೇ ಬಂದು ರಕ್ತ ತೆಗೆಯುವ ಒಂದು ಲ್ಯಾಬಿಗೆ ಫೋನ್ ಮಾಡಿದೆ. ಹೆಸರು ಬೇಡ ಬಿಡಿ. "ಬಿಡಿಬಿಡಿಯಾಗಿ ಮಾಡಿಸಿದ್ರೆ ದುಬಾರಿ ಸರ್, ಫೀವರ್ ಪ್ಯಾಕೇಜ್ ತಗೊಳ್ಳಿ. ಇಎಸ್‌ಆರ್, ಫೆರಿಟಿನ್, ಲಿವರ್ ಎಲ್ಲಾ ಸೇರಿ 2,200" ಅಂದರು. ಮಗಳು ನರಳುತ್ತಿರುವಾಗ ಲೆಕ್ಕ ಹಾಕೋಕಾಗುತ್ತಾ? ಹೂಂ ಅಂದೆ.

ರಕ್ತ ತೆಗೆಯಲು ಬಂದ ಹುಡುಗಿಗೆ ಮಾತ್ರ ಪೂರ್ತಿ ಮಾರ್ಕ್ಸ್. ಬೆಳಗ್ಗೆ 6:45ಕ್ಕೇ ಬಾಗಿಲಲ್ಲಿದ್ದಳು. ಮಗಳ ನರ ಸಿಗೋದೇ ಕಷ್ಟ, ಇವಳು ಒಂದೇ ಚುಚ್ಚಿಗೆ ಮುಗಿಸಿದಳು. "ಪ್ಲೇಟ್‌ಲೆಟ್ ಕಮ್ಮಿ ಇರಬಹುದು, ಹತ್ತಿ ಐದು ನಿಮಿಷ ಒತ್ತಿ ಹಿಡ್ಕೊಳ್ಳಿ" ಅಂತ ಹೇಳಿಯೂ ಹೋದಳು.

ಸಂಜೆ ರಿಪೋರ್ಟ್ ಬಂತು. ಎನ್‌ಎಸ್-1 ಪಾಸಿಟಿವ್, ಅಂದರೆ ಡೆಂಗ್ಯೂ. ಪ್ಲೇಟ್‌ಲೆಟ್ 1,38,000. ಸಿಆರ್‌ಪಿ 8. ಫೆರಿಟಿನ್ 1,140, ಪಕ್ಕದಲ್ಲಿ ದಪ್ಪ ಕೆಂಪು ಅಕ್ಷರದಲ್ಲಿ 'ಹೈ'. ನಾರ್ಮಲ್ 150ರ ಒಳಗೆ ಅಂತ ಬರೆದಿತ್ತು. ಯಾಕೆ ಏರಿದೆ, ಹೆದರಬೇಕಾ ಬೇಡವಾ, ಒಂದು ಸಾಲೂ ಇಲ್ಲ. ಮಗಳು ಮಲಗಿದ್ದಲ್ಲೇ ಗೂಗಲ್ ಮಾಡಿದಳು. ನಮ್ಮ ಮನೆಯವರು ದೇವರ ಮುಂದೆ ಕೂತರು. ಲ್ಯಾಬಿಗೆ ಫೋನ್ ಮಾಡಿದರೆ, "ಡಾಕ್ಟರನ್ನ ಕೇಳಿ ಸರ್. ಬೇಕಿದ್ರೆ ನಾಳೆ ಡಿ-ಡೈಮರ್ ಸೇರಿಸ್ತೀವಿ" ಅಂದರು! ಅದು ರಕ್ತ ಹೆಪ್ಪುಗಟ್ಟೋದಕ್ಕೆ ಸಂಬಂಧಿಸಿದ ಇನ್ನೊಂದು ಟೆಸ್ಟ್.

ಡಾಕ್ಟರು ಬೆರಳಿಟ್ಟಿದ್ದು ಸಿಆರ್‌ಪಿ ಮೇಲೆ. ಮೈಯಲ್ಲಿ ಉರಿಯೂತ ಆದಾಗ ಲಿವರ್ ಬಿಡುವ ಪ್ರೋಟೀನ್ ಅದು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಏರುತ್ತದೆ, ಡೆಂಗ್ಯೂನಲ್ಲಿ ಬಹಳ ಸಲ ಅಷ್ಟು ಏರಲ್ಲ. ಹಾಗಾಗಿ ಆಂಟಿಬಯಾಟಿಕ್ ಬೇಡ ಅಂದರು. ನಮ್ಮಮ್ಮನಿಗೆ ಚಿಕುನ್‌ಗುನ್ಯಾ ಬಂದಾಗ ಇದೇ ಸಿಆರ್‌ಪಿ 50 ದಾಟಿತ್ತು, ಅದೂ ಸೊಳ್ಳೆ ತಂದ ವೈರಸ್ಸೇ ಅಲ್ವಾ ಅಂತ ಕೇಳಿದೆ. "ಅದಕ್ಕೇ ಒಂದೇ ನಂಬರ್ ನೋಡಿ ಹೇಳಬಾರದು" ಅಂದರು.

ಇನ್ನು ಫೆರಿಟಿನ್. ಕಬ್ಬಿಣ ಕೂಡಿಡುವ ಪ್ರೋಟೀನ್ ಅದು, ಉರಿಯೂತ ಇದ್ದಾಗಲೂ ಏರುತ್ತದೆ. ಡೆಂಗ್ಯೂನಲ್ಲಿ ಏರೋದು ಮಾಮೂಲು, ಕಾಯಿಲೆ ಜೋರಾದವರಲ್ಲಿ ಇನ್ನೂ ಜಾಸ್ತಿ ಇರುತ್ತದಂತೆ. ಆದರೆ ಅಡ್ಮಿಟ್ ಮಾಡಬೇಕಾ ಅಂತ ಅವರು ನೋಡುವುದು ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು), ಬಿಪಿ, ಹೊಟ್ಟೆನೋವು, ವಾಂತಿ, ಎಷ್ಟು ಸಲ ಮೂತ್ರಕ್ಕೆ ಹೋದಳು ಅನ್ನೋದು. ಜ್ವರ ಇಳಿಯುವ ಹೊತ್ತೇ ಹುಷಾರಾಗಿರಬೇಕಾದ ಹೊತ್ತು ಎಂದರು. ಆಗ ರಕ್ತನಾಳದಿಂದ ನೀರಿನಂಶ ಸೋರಿದರೆ ರಕ್ತ ಗಟ್ಟಿಯಾಗಿ ಪಿಸಿವಿ ಏರುತ್ತದೆ. ಈ ಪಿಸಿವಿ, ಪ್ಲೇಟ್‌ಲೆಟ್ ಎರಡನ್ನೂ ಹೇಳುವುದು ಸಿಬಿಸಿ. ಆ ಲ್ಯಾಬಿನಲ್ಲಿ ಅದಕ್ಕೆ 300 ರೂಪಾಯಿ.

ಆ 300ರ ಟೆಸ್ಟ್ ಒಂದನ್ನೇ ಮಾಡಿ ಅಂತ ಮರುದಿನದಿಂದ ಜಗಳ ಆಡಬೇಕಾಯಿತು. ದಿನಾ ಬೆಳಗ್ಗೆ 'ಫಾಲೋಅಪ್ ಪ್ಯಾಕೇಜ್' ಪುರಾಣ. ಬಿಲ್ ಕಥೆಯೂ ಅಷ್ಟೇ. 2024ರ ಜುಲೈನಲ್ಲಿ ಸರ್ಕಾರ ಡೆಂಗ್ಯೂವಿನ ಎರಡು ಲ್ಯಾಬ್ ಟೆಸ್ಟಿಗೆ, ಎನ್‌ಎಸ್-1 ಎಲೈಸಾಗೆ 300, ಐಜಿಎಂ ಎಲೈಸಾಗೆ 300 ಅಂತ ದರ ಕಟ್ಟಿತ್ತು. ಇವರ ಬಿಲ್ಲಿನಲ್ಲಿ ಇರೋದು 'ಪ್ಯಾಕೇಜ್' ಅನ್ನೋ ಒಂದೇ ಸಾಲು. ಯಾವುದಕ್ಕೆ ಎಷ್ಟು ತಗೊಂಡರು, ಹುಡುಕಿ ನೋಡೋಣ!

ಪ್ಲೇಟ್‌ಲೆಟ್ 52,000ಕ್ಕೆ ಇಳಿದು ಆಮೇಲೆ ತಾನಾಗೇ ಏರಿತು. ಪಿಸಿವಿ 39ರಿಂದ 42ಕ್ಕೆ ಹೋಗಿ ನಿಂತಿತು. ಓಆರ್‌ಎಸ್, ಗಂಜಿ, ಪ್ಯಾರಾಸಿಟಮಾಲ್, ಇಷ್ಟೇ ಚಿಕಿತ್ಸೆ. ಫೆರಿಟಿನ್ ಮತ್ತೆ ಮಾಡಿಸಲೇ ಇಲ್ಲ.

ಐದಕ್ಕೆ ಮೂರು ಸ್ಟಾರ್. ಎರಡು ಆ ಹುಡುಗಿಗೆ, ಒಂದು ರಿಪೋರ್ಟ್ ಹೇಳಿದ ಟೈಮಿಗೆ ಬಂದಿದ್ದಕ್ಕೆ. ಫೋನ್ ಮಾಡುವಾಗ ಚೀಟಿಯಲ್ಲಿ ಇರೋದನ್ನಷ್ಟೇ ಓದಿ ಹೇಳಿ. ನಿನ್ನೆ 'ಪೋಸ್ಟ್ ಫೀವರ್ ಪ್ಯಾಕೇಜ್' ಅಂತ ಅವರದ್ದೇ ಫೋನ್ ಬಂದಿತ್ತು. ಮಗಳು ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಳ್ಳುತ್ತಿದ್ದಳು. ಕಟ್ ಮಾಡಿದೆ.