ಇಳಕಲ್ ಅಂಚಿನ ಉದ್ದ ಲಂಗ: ನೆರಿಗೆಯದಕ್ಕೇ ನನ್ನ ಓಟು

ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ನಾನೂ ತಂಗಿಯೂ ಒಂದೊಂದು ಉದ್ದ ಲಂಗ ಹೊಲಿಸಿಕೊಂಡೆವು. ಅಂಗಡಿಯ ಹೆಸರು ಬೇಡ, ಸ್ವಲ್ಪ ಬೈಯೋದೂ ಇದೆ. ಎರಡಕ್ಕೂ ಇಳಕಲ್ ಅಂಚು. ನನ್ನದು ನೆರಿಗೆ ಲಂಗ, 1,850 ರೂಪಾಯಿ. ಅವಳದು ಅಂಬ್ರೆಲಾ ಕಟ್, 2,400. ದುಡ್ಡು ಜಾಸ್ತಿ ಕೊಟ್ಟಿದ್ದೇ ಒಳ್ಳೆಯದಿರಬೇಕು ಅಂತೀರಾ? ತಡೀರಿ.

ನನ್ನದನ್ನು ಹೊಲಿದಿರೋದು ಸೀರೆಯಲ್ಲೇ. ಕಪ್ಪು ಹತ್ತಿ ಒಡಲು, ಕೆಂಪು ಗೋಮಿ ಅಂಚು (ಇಳಕಲ್ ಸೀರೆಯ ಅಂಚಿನ ಒಂದು ವಿನ್ಯಾಸ). ಸೀರೆಯ ಅಗಲವೇ ಲಂಗದ ಉದ್ದ ಆಗುತ್ತದೆ. ಹಾಗಾಗಿ ಕೆಳಗಿನ ಅಂಚು ಮಗ್ಗದಲ್ಲೇ ನೇಯ್ದು ಬಂದದ್ದು, ಆಮೇಲೆ ಹೊಲಿದು ಕೂರಿಸಿದ್ದಲ್ಲ. ಸೀರೆಗೆ ಎರಡೂ ಕಡೆ ಅಂಚು ಇರುತ್ತದಲ್ವಾ, ಮೇಲಿನದನ್ನು ಕತ್ತರಿಸಿ ಸೊಂಟದ ಪಟ್ಟಿ ಮಾಡಿಕೊಟ್ಟಿದ್ದಾರೆ. ಇದಕ್ಕೆ ಟೈಲರ್‌ಗೆ ಶಭಾಷ್ ಹೇಳಲೇಬೇಕು. ಸೆರಗನ್ನು ಕೇಳಿ ಇಸಕೊಂಡೆ, ಬ್ಲೌಸಿಗೆ ಆಯಿತು. ನೀವೂ ಕೇಳಿ, ಅವರಾಗಿ ಕೊಡುವುದಿಲ್ಲ.

ಈಗ ತಂಗಿಯ ಲಂಗ. ಅಂಬ್ರೆಲಾ ಕಟ್‌ನಲ್ಲಿ ಕೆಳಗಿನ ತುದಿ ದುಂಡಗೆ ಬರುತ್ತದೆ. ಮಗ್ಗದ ಅಂಚು ಮಾತ್ರ ನೇರ. ನೇರ ಪಟ್ಟಿಯನ್ನು ದುಂಡು ತುದಿಗೆ ಕೂರಿಸಬೇಕಾದರೆ ಅಲ್ಲಲ್ಲಿ ಸಣ್ಣ ಮಡಿಕೆ ಹಿಡಿಯಲೇಬೇಕು. ಹೊಸದರಲ್ಲಿ ಅದು ಕಾಣಲಿಲ್ಲ. ಗಿರಕಿ ಹೊಡೆದರೆ ನೋಡೋಕೆ ಎಷ್ಟು ಚೆಂದ, ಒಪ್ಪುತ್ತೇನೆ. ಮೊದಲ ಒಗೆತಕ್ಕೇ ಹತ್ತಿ ಕುಗ್ಗಿತು. ಅಂಚು ಚಮಕಾದ್ದು, ಅಂದರೆ ಕೃತಕ ರೇಷ್ಮೆ. ಅದು ಹತ್ತಿಯ ಜೊತೆ ಸಮನಾಗಿ ಕುಗ್ಗಲಿಲ್ಲ. ಅಂಚೆಲ್ಲ ಸುಟ್ಟ ಹಪ್ಪಳದಂತೆ ಸೊಟ್ಟಗಾಯಿತು. ಸಾಲದ್ದಕ್ಕೆ ಅವಳು ಹ್ಯಾಂಗರಿಗೆ ಹಾಕಿಟ್ಟಿದ್ದಳು. ಓರೆಯಾಗಿ ಕತ್ತರಿಸಿದ ಬಟ್ಟೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಈಗ ಒಂದು ಕಡೆ ಪಾದ ಮುಟ್ಟುತ್ತದೆ, ಇನ್ನೊಂದು ಕಡೆ ಮೇಲಿದೆ.

ಅಂಗಡಿಗೆ ಒಯ್ದು ತೋರಿಸಿದೆವು. "ಕಾಟನ್ ಅಂದ್ರ ಹಂಗ ರೀ ಅಕ್ಕಾರ, ಇಸ್ತ್ರಿ ಮಾಡ್ರಿ, ಸರಿ ಆಗ್ತೈತಿ" ಅಂದರು. ಸರಿ ಆಗಲಿಲ್ಲ. ಬಿಚ್ಚಿ ಹೊಲಿಯೋಕೆ ಮತ್ತೆ ದುಡ್ಡು ಕೇಳಿದರು. ಕತ್ತರಿಸೋ ಮೊದಲು ಒಡಲನ್ನೂ ಅಂಚನ್ನೂ ನೀರಲ್ಲಿ ನೆನೆಸಿ ಒಣಗಿಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಅದು ಹೊಲಿಯುವವರ ಕೆಲಸ, ಕೊಳ್ಳುವವರದಲ್ಲ.

ನನ್ನದರಲ್ಲೂ ತಕರಾರು ಇಲ್ಲ ಅಂತಲ್ಲ. ಅಂಚು ಒಂಚೂರು ಅಲೆ ಎದ್ದಿದೆ, ಆದರೆ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಸೊಂಟದ ಹತ್ತಿರ ಬಟ್ಟೆ ಒಟ್ಟಾಗಿ ದಪ್ಪ ಕಾಣುತ್ತದೆ. ಮೇಲಿನ ನಾಲ್ಕು ಇಂಚು ನೆರಿಗೆಯನ್ನು ಒತ್ತಿ ಹೊಲಿಸಿದ ಮೇಲೆ ವಾಸಿ. ಅಸ್ತರ್ ಮಾತ್ರ ಪಕ್ಕಾ ಮೋಸ. ತೀರಾ ಅಗ್ಗದ ಪಾಲಿಯೆಸ್ಟರ್, ಬೇಸಿಗೆಯಲ್ಲಿ ಕಾಲಿಗೆ ಅಂಟುತ್ತದೆ. ಕಿತ್ತು ಹಾಕಿ, ನೆನೆಸಿ ಒಣಗಿಸಿದ ಹತ್ತಿ ಬಟ್ಟೆ ಹಾಕಿಸಿದೆ.

ಒಗೆಯೋದು ಹೇಗೆ ಅಂತ ಆಫೀಸಲ್ಲಿ ಎಲ್ಲರೂ ಕೇಳುತ್ತಾರೆ. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಅಂಚನ್ನು ಒಳಬದಿಯಲ್ಲಿ ಉಜ್ಜಿ ನೋಡಿ. ಕೆಂಪು ಹತ್ತಿದರೆ ಬೇರೆ ಬಟ್ಟೆ ಜೊತೆ ಹಾಕಬೇಡಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತಾರೆ, ನನಗೆ ನಂಬಿಕೆಯಿಲ್ಲ. ಈಗಿನ ಬಣ್ಣಗಳ ಮೇಲೆ ಉಪ್ಪಿನ ಆಟ ನಡೆಯೋದಿಲ್ಲ. ತಣ್ಣೀರು, ಸ್ವಲ್ಪ ಅಂಟುವಾಳ ಅಥವಾ ಮೆದು ಸೋಪು, ಒಳಮೈ ಹೊರಗೆ ಮಾಡಿ ಬೇಗ ಒಗೆದು ತೆಗೆಯಿರಿ. ಅಂಚನ್ನು ಹಿಂಡಲೇಬೇಡಿ. ಕೃತಕ ರೇಷ್ಮೆಯ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ನೀರು ತಾನಾಗಿ ಇಳಿಯಲಿ. ನೆರಳಲ್ಲಿ, ಹಗ್ಗದ ಮೇಲೆ ಅರ್ಧಕ್ಕೆ ಮಡಚಿ ಹಾಕಿ. ತುಸು ತೇವ ಇರುವಾಗಲೇ ಹಿಂಬದಿಯಿಂದ ಇಸ್ತ್ರಿ ಮಾಡಿ. ಹತ್ತಿಗೆ ಬೇಕಾದಷ್ಟು ಬಿಸಿ ಅಂಚಿಗೆ ಬೇಡ, ಮೇಲೊಂದು ತೆಳು ಬಟ್ಟೆ ಹಾಸಿಕೊಳ್ಳಿ. ಮಡಚಿ ಇಡುವುದೇ ವಾಸಿ. ಆಗಾಗ ಮಡಿಕೆ ಬದಲಿಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಸವೆಯುತ್ತದೆ.

ಅಳತೆ ಕೊಡುವಾಗ ದಿನಾ ಹಾಕುವ ಚಪ್ಪಲಿ ಹಾಕಿಕೊಂಡೇ ನಿಲ್ಲಿ. ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ಗೆಜ್ಜೆ ಹಾಕುವವರು ಒಳಗೆ ಫಾಲ್ ಕೊಡಿಸಿ, ಕೊಂಡಿ ಸಿಕ್ಕಿ ಎಳೆ ಕೀಳುವುದಿಲ್ಲ. ಸ್ಕೂಟರ್ ಹತ್ತುವಾಗ ಲಂಗ ಒಟ್ಟುಮಾಡಿ ತೊಡೆ ಕೆಳಗೆ ಸೇರಿಸಿ, ಚಕ್ರದ ಕಡೆ ಬಿಡಬೇಡಿ. ಮೇಲೆ ಗುಳೇದಗುಡ್ಡ ಖಣದ ಬ್ಲೌಸ್ ಹಾಕಿದರೆ ಹಬ್ಬಕ್ಕಾಯಿತು. ಆಫೀಸಿಗೆ ನಾನು ಸುಮ್ನೆ ಬಿಳಿ ಶರ್ಟು ಹಾಕುತ್ತೇನೆ.

ನೆರಿಗೆ ಲಂಗಕ್ಕೆ ಐದಕ್ಕೆ ನಾಲ್ಕು, ಅಂಬ್ರೆಲಾಗೆ ಒಂದೂವರೆ. ದೀಪಾವಳಿಗೆ ಅದೇ ಅಂಗಡಿಗೆ ಹಸಿರು ಸೀರೆ ಒಯ್ಯುತ್ತೇನೆ, ಅಸ್ತರ್ ಬಟ್ಟೆ ನಂದೇ.