ಸೂರ್ಯನ ಫೋಟೋಗೆ ಯಾವುದು: ಸೋಲಾರ್ ಫಿಲ್ಮಾ, ಗಾಜಿನ ಫಿಲ್ಟರಾ?

ಮೊದಲೇ ಹೇಳಿಬಿಡುತ್ತೇನೆ, ಲ್ಯಾಂಡ್‌ಸ್ಕೇಪ್‌ಗೆ ಬಳಸುವ ಎನ್‌ಡಿ 1000 (ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್) ಇಲ್ಲಿ ಸಾಲುವುದಿಲ್ಲ. ಅದು ಸಾವಿರದಲ್ಲಿ ಒಂದು ಪಾಲು ಬೆಳಕನ್ನು ಒಳಗೆ ಬಿಡುತ್ತದೆ. ಸೂರ್ಯನಿಗೆ ಬೇಕಿರುವುದು ಲಕ್ಷದಲ್ಲಿ ಒಂದು ಪಾಲು. ಅಂಥ ಫಿಲ್ಟರನ್ನೂ ಲೆನ್ಸಿನ ಮುಂದೆಯೇ ಹಾಕಬೇಕು, ಇಲ್ಲದಿದ್ದರೆ ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಭಾಗ) ಜೊತೆ ಕಣ್ಣಿಗೂ ಅಪಾಯ.

ಸೋಲಾರ್ ಫಿಲ್ಮ್ ತೆಳು ಹಾಳೆ. ಅಗ್ಗ, ಚಿತ್ರ ಚುರುಕಾಗಿ ಬರುತ್ತದೆ, ಸಣ್ಣ ಸುಕ್ಕಿದ್ದರೆ ತೊಂದರೆಯಿಲ್ಲ. ಆದರೆ ಬೇಗ ಹರಿಯುತ್ತದೆ. ಪ್ರತಿ ಸಲ ದೀಪದ ಎದುರು ಹಿಡಿದು ತೂತು ಬಿದ್ದಿದೆಯಾ ನೋಡಲೇಬೇಕು.

ಗಾಜಿನದು ಗಟ್ಟಿ, ಲೆನ್ಸಿಗೆ ತಿರುಗಿಸಿ ಕೂರಿಸಿದರೆ ಆಯ್ತು. ಅದರ ಕಾಟ ಬೇರೆ: ಸೆನ್ಸರಿನಿಂದ ಹಿಂದಕ್ಕೆ ಹೋದ ಬೆಳಕು ಚಪ್ಪಟೆ ಗಾಜಿಗೆ ಬಡಿದು ಮರಳಿ, ಚಿತ್ರದಲ್ಲಿ ಇನ್ನೊಂದು ಮಸುಕು ಸೂರ್ಯ ಮೂಡಬಹುದು. ಸೂರ್ಯನನ್ನು ಫ್ರೇಮಿನ ಎಡಕ್ಕೆ ಸರಿಸಿ ನೋಡಿ, ಆ ಮಸುಕು ಬಲಕ್ಕೆ ಓಡಿದರೆ ಅದು ಪ್ರತಿಫಲನವೇ.

ಇನ್ನು ಕಪ್ಪು ಚುಕ್ಕೆಗಳು. ಸುಮ್ನೆ ಫಿಲ್ಟರನ್ನು ಬೈಯಬೇಡಿ, ಅದು ನಿಜವಾದ ಸೌರಕಲೆಯೂ ಇರಬಹುದು ಅಲ್ವಾ? ಕ್ಯಾಮೆರಾ ಸ್ವಲ್ಪ ಅಲುಗಿಸಿ ಎರಡು ಫೋಟೋ ತೆಗೆಯಿರಿ. ಚುಕ್ಕೆ ಸೂರ್ಯನ ಜೊತೆಗೇ ಸರಿದರೆ ಸೌರಕಲೆ, ಫ್ರೇಮಿನ ಅದೇ ಜಾಗದಲ್ಲಿ ಉಳಿದರೆ ಸೆನ್ಸರ್ ಮೇಲಿನ ಧೂಳು. ಧೂಳು ಎಫ್/16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಚಿಕ್ಕದಾಗಿದ್ದಾಗ, ಎದ್ದು ಕಾಣುತ್ತದೆ, ಕಿಂಡಿ ದೊಡ್ಡದಾಗುವ ಎಫ್/8ಕ್ಕೆ ಬಂದರೆ ಮಸುಕಾಗುತ್ತದೆ. ಒಂದೇ ಪಿಕ್ಸೆಲ್ ಕೆಂಪಗೋ ಬೆಳ್ಳಗೋ ಹೊಳೆಯುತ್ತಿದ್ದರೆ ಅದು ಹಾಟ್ ಪಿಕ್ಸೆಲ್, ಅಂದರೆ ಸೆನ್ಸರಿನದೇ ದೋಷ, ಲೆನ್ಸ್ ಮುಚ್ಚಿ ತೆಗೆದ ಫೋಟೋದಲ್ಲೂ ಅಲ್ಲೇ ಇರುತ್ತದೆ.

ಸೌರಕಲೆಗಳ ವಿವರ ಮುಖ್ಯ ಅಂದರೆ ಫಿಲ್ಮ್ ತಗೊಳ್ಳಿ, ನನ್ನ ಆಯ್ಕೆ ಅದೇ. ಓಡಾಟ ಜಾಸ್ತಿ ಇದ್ದವರಿಗೆ ಗಾಜು.