ಡಾರ್ಟ್ಮುಂಡ್‌ನ 81,365, ಶಾಲ್ಕೆಯ 62,271: ಟಿಕೆಟ್ ಕೊಂಡು ಪಂದ್ಯ ನೋಡುವವರಿಗೆ ಯಾವುದು ಮೇಲು?

ಜರ್ಮನಿಯ ರೂರ್ ಪ್ರದೇಶಕ್ಕೆ ಓದಲೆಂದೋ ಉದ್ಯೋಗಕ್ಕೆಂದೋ ಬಂದ ಕನ್ನಡಿಗರು ಒಂದು ಫುಟ್‌ಬಾಲ್ ಪಂದ್ಯ ನೋಡಬೇಕೆಂದು ಬಯಸಿ ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ ಡಾರ್ಟ್ಮುಂಡ್. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಗೆಲ್ಸೆನ್‌ಕಿರ್ಷೆನ್‌ನಲ್ಲಿ ಆಡುವ ಶಾಲ್ಕೆ 04 ತಂಡದ ಹೆಸರನ್ನು ಹೇಳುವವರು ಕಡಿಮೆ. ಒಂದು ಕಾಲಕ್ಕೆ ಕಲ್ಲಿದ್ದಲು ಮತ್ತು ಉಕ್ಕನ್ನು ನಂಬಿ ಬದುಕಿದ ಈ ಎರಡು ಊರುಗಳ ತಂಡಗಳು ಜರ್ಮನಿಯ ಅತ್ಯಂತ ತೀವ್ರವಾದ ಬದ್ಧ ಎದುರಾಳಿಗಳು. ಎರಡೂ ಕ್ರೀಡಾಂಗಣಗಳಲ್ಲಿ ನಿಂತೂ ಕುಳಿತೂ ಪಂದ್ಯ ನೋಡಿರುವ ನಾನು ಇಲ್ಲಿ ತಂಡಗಳ ಆಟವನ್ನು ತೂಗಲು ಹೊರಟಿಲ್ಲ. ಹಣ ಕೊಟ್ಟು ಟಿಕೆಟ್ ಪಡೆದು ಒಳಗೆ ಹೋಗುವ ಪ್ರೇಕ್ಷಕನಿಗೆ ಈ ಎರಡು ಕ್ಲಬ್‌ಗಳು ಏನನ್ನು ಕೊಡುತ್ತವೆ ಎಂಬುದಷ್ಟೇ ನನ್ನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಕ್ರೀಡಾಂಗಣ ಡಾರ್ಟ್ಮುಂಡ್‌ನದು, ಆದರೆ ಹೊಸಬರಿಗೆ ಹೆಚ್ಚು ತೆರೆದಿರುವ ಬಾಗಿಲು ಶಾಲ್ಕೆಯದು.

ಡಾರ್ಟ್ಮುಂಡ್‌ನ ಕ್ರೀಡಾಂಗಣ 1974ರ ವಿಶ್ವಕಪ್‌ಗಾಗಿ ಕಟ್ಟಿದ್ದು. ಈಗ ಪ್ರಾಯೋಜಕರ ಹೆಸರಿನಲ್ಲಿ ಸಿಗ್ನಲ್ ಇಡುನಾ ಪಾರ್ಕ್ ಎಂದು ಕರೆಸಿಕೊಳ್ಳುತ್ತಿದ್ದರೂ ಹಳೆಯ ಅಭಿಮಾನಿಗಳ ಬಾಯಲ್ಲಿ ಅದು ಇಂದಿಗೂ ವೆಸ್ಟ್‌ಫಾಲನ್‌ಸ್ಟಾಡಿಯೋನ್. ಲೀಗ್ ಪಂದ್ಯಗಳಿಗೆ ಅದರ ಸಾಮರ್ಥ್ಯ 81,365. ಇದರಲ್ಲಿ ಸುಮಾರು 24,450 ಮಂದಿ ದಕ್ಷಿಣ ದಿಕ್ಕಿನ ಒಂದೇ ಸ್ಟ್ಯಾಂಡ್‌ನಲ್ಲಿ ಆಸನವಿಲ್ಲದೆ ನಿಂತು ನೋಡುತ್ತಾರೆ. ಜಗತ್ತು ಇದನ್ನು ಹಳದಿ ಗೋಡೆ ಎಂದು ಕರೆಯುತ್ತದೆ. ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಪೂರ್ತಿ ತುಂಬಿದರೂ ಹೆಚ್ಚುಕಡಿಮೆ ಅಷ್ಟೇ ಜನ ಎಂಬುದನ್ನು ನೆನೆದರೆ ಆ ಗೋಡೆಯ ಗಾತ್ರ ಮನಸ್ಸಿಗೆ ಬರುತ್ತದೆ. ಯುರೋಪಿನಲ್ಲಿ ವರ್ಷವಿಡೀ ಅತಿ ಹೆಚ್ಚು ಸರಾಸರಿ ಪ್ರೇಕ್ಷಕರನ್ನು ಸೆಳೆಯುವ ಕ್ಲಬ್‌ಗಳ ಪಟ್ಟಿಯ ತುದಿಯಲ್ಲಿ ಡಾರ್ಟ್ಮುಂಡ್ ಹಲವು ಬಾರಿ ನಿಂತಿದೆ. ಸರಾಸರಿ 81 ಸಾವಿರದ ಆಸುಪಾಸು, ಅಂದರೆ ಪ್ರತಿ ಪಂದ್ಯವೂ ಬಹುತೇಕ ಭರ್ತಿ.

ಶಾಲ್ಕೆಯ ಫೆಲ್ಟಿನ್ಸ್ ಅರೀನಾ 2001ರ ಆಗಸ್ಟ್‌ನಲ್ಲಿ ತೆರೆಯಿತು. ಸಾಮರ್ಥ್ಯ 62,271. ಇಲ್ಲಿ ನಿಂತು ನೋಡುವವರ ಜಾಗ ಉತ್ತರದ ಸ್ಟ್ಯಾಂಡ್, ನಾರ್ಡ್‌ಕುರ್ವೆ. ಕಟ್ಟಡದ ದೃಷ್ಟಿಯಿಂದ ಇದೊಂದು ಅಚ್ಚರಿಯೇ ಸರಿ: ಮುಚ್ಚಬಹುದಾದ ಚಾವಣಿ, ನಡುವೆ ತೂಗುಹಾಕಿದ ನಾಲ್ಕು ಮುಖದ ಪರದೆ, ಜೊತೆಗೆ ಪಂದ್ಯವಿಲ್ಲದ ದಿನಗಳಲ್ಲಿ ಹುಲ್ಲಿಗೆ ಬಿಸಿಲು ಸಿಗಲೆಂದು ಸುಮಾರು 11,000 ಟನ್ ತೂಗುವ ಇಡೀ ಮೈದಾನವನ್ನೇ ಸ್ಟ್ಯಾಂಡ್‌ನ ಅಡಿಯಿಂದ ಹೊರಕ್ಕೆ ಜಾರಿಸುವ ವ್ಯವಸ್ಥೆ. ಪಂದ್ಯವಿಲ್ಲದ ದಿನ ಅತ್ತ ಹೋದವರಿಗೆ ಕ್ರೀಡಾಂಗಣದ ಹೊರಗೆ ಬಯಲಲ್ಲಿ ಹಸಿರು ಮೈದಾನವೊಂದು ಬಿಸಿಲು ಕಾಯುತ್ತಾ ಬಿದ್ದಿರುವುದು ಕಾಣಿಸುತ್ತದೆ. ಆಟಗಾರರು ಮೈದಾನಕ್ಕೆ ಬರುವ ಸುರಂಗವನ್ನು ಕಲ್ಲಿದ್ದಲು ಗಣಿಯ ಒಳದಾರಿಯಂತೆ ರೂಪಿಸಿದ್ದಾರೆ. ಜರ್ಮನಿಯ ಕೊನೆಯ ಭೂಗತ ಕಲ್ಲಿದ್ದಲು ಗಣಿ ಪಕ್ಕದ ಬಾಟ್ರಾಪ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೂ ಪಂದ್ಯಕ್ಕೆ ಮುನ್ನ ಗಣಿ ಕಾರ್ಮಿಕರ ಹಾಡನ್ನು ಅರವತ್ತು ಸಾವಿರ ಮಂದಿ ಎದ್ದು ನಿಂತು ಹಾಡುವಾಗ, ಗಣಿಯನ್ನು ಎಂದೂ ಕಾಣದ ಪರಊರಿನವರಿಗೂ ಗಂಟಲು ಬಿಗಿಯುತ್ತದೆ.

ಇನ್ನು ದರ. ಎರಡೂ ಕಡೆ ನಿಂತು ನೋಡುವ ಟಿಕೆಟ್ ಸಾಮಾನ್ಯ ಲೀಗ್ ಪಂದ್ಯಕ್ಕೆ 20 ಯೂರೋ ಆಸುಪಾಸಿನಲ್ಲಿಯೇ ಸಿಗುತ್ತದೆ. ಆಸನದ ಟಿಕೆಟ್‌ಗಳು ಮೂಲೆಯಲ್ಲಿ ಅಗ್ಗವಾಗಿ ಶುರುವಾಗಿ ಮೈದಾನದ ನಡುಗೆರೆಯತ್ತ ಸರಿದಂತೆ ಏರುತ್ತವೆ. ಡಾರ್ಟ್ಮುಂಡ್‌ನ ಒಳ್ಳೆಯ ಆಸನಗಳು ಶಾಲ್ಕೆಯವುಗಳಿಗಿಂತ ಸಾಮಾನ್ಯವಾಗಿ ದುಬಾರಿ, ಬಯರ್ನ್ ಮ್ಯೂನಿಕ್‌ನಂಥ ತಂಡ ಬಂದಾಗ ಮೇಲುಶುಲ್ಕವೂ ಸೇರುತ್ತದೆ. ಸೀಸನ್ ಟಿಕೆಟ್ ಪಡೆದವರಿಗೆ ಪ್ರತಿ ಪಂದ್ಯದ ದರ ಇನ್ನೂ ಇಳಿಯುತ್ತದೆ: ಹಳದಿ ಗೋಡೆಯಲ್ಲಿ ನಿಂತು ತವರಿನ 17 ಲೀಗ್ ಪಂದ್ಯಗಳನ್ನೂ ನೋಡಲು ಕೊಡಬೇಕಾದ ಮೊತ್ತ ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳಲ್ಲಿ ನಾಲ್ಕೈದು ಪಂದ್ಯಗಳಿಗೂ ಸಾಲದು. ಇದರ ಜೊತೆಗೆ ಪಂದ್ಯದ ಟಿಕೆಟ್ಟೇ ಆ ದಿನ ಸುತ್ತಲಿನ ಸಾರಿಗೆ ಒಕ್ಕೂಟದ ರೈಲು, ಟ್ರಾಮ್, ಬಸ್ಸುಗಳ ಟಿಕೆಟ್ ಕೂಡ ಆಗುತ್ತದೆ. ಗೆಲ್ಸೆನ್‌ಕಿರ್ಷೆನ್ ಮುಖ್ಯ ನಿಲ್ದಾಣದಿಂದ 302 ಸಂಖ್ಯೆಯ ಟ್ರಾಮ್ ನೇರವಾಗಿ ಅರೀನಾದ ಬಳಿ ಇಳಿಸುತ್ತದೆ. ಡಾರ್ಟ್ಮುಂಡ್‌ನಲ್ಲಿ ಕ್ರೀಡಾಂಗಣಕ್ಕೇ ಒಂದು ರೈಲು ನಿಲ್ದಾಣವಿದೆ. ದರವನ್ನು ಹೋಲಿಸುವವರು ಈ ಪ್ರಯಾಣದ ಲೆಕ್ಕವನ್ನು ಮರೆಯುತ್ತಾರೆ, ಆದರೆ ದೂರದ ಊರಿನಿಂದ ಕುಟುಂಬ ಸಮೇತ ಬರುವವರಿಗೆ ಅದು ಸಣ್ಣ ಉಳಿತಾಯವಲ್ಲ.

ಈ ಅಗ್ಗದ ದರ ತಾನಾಗಿ ಉಳಿದುಬಂದದ್ದಲ್ಲ. ಇಂಗ್ಲೆಂಡಿನಲ್ಲಿ ನಿಂತು ನೋಡುವ ಜಾಗದ ನೂಕುನುಗ್ಗಲಿನಲ್ಲಿ ಹಲವರು ಸತ್ತ 1989ರ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತದ ನಂತರ, ಅದರ ತನಿಖೆಯ 1990ರ ಟೇಲರ್ ವರದಿಯ ಶಿಫಾರಸಿನಂತೆ ಮೇಲ್ದರ್ಜೆಯ ಕ್ರೀಡಾಂಗಣಗಳೆಲ್ಲ ಪೂರ್ಣವಾಗಿ ಆಸನಮಯವಾದವು. ಮುಂದಿನ ದಶಕಗಳಲ್ಲಿ ಟಿಕೆಟ್ ದರ ದುಡಿಯುವ ವರ್ಗದ ಕೈಗೆ ಎಟುಕದಷ್ಟು ಏರಿತು. ಜರ್ಮನಿ ನಿಲ್ಲುವ ಜಾಗಗಳನ್ನು ಉಳಿಸಿಕೊಂಡಿತು. ಹೊರಗಿನ ಹೂಡಿಕೆದಾರರು ಕ್ಲಬ್ಬನ್ನು ಪೂರ್ತಿ ಕೊಳ್ಳದಂತೆ ಮತಾಧಿಕಾರದ ಬಹುಪಾಲನ್ನು ಸದಸ್ಯರ ಕೈಯಲ್ಲಿ ಇರಿಸುವ 50+1 ನಿಯಮವೂ ಇಲ್ಲಿದೆ. ಷೇರು ಮಾರುಕಟ್ಟೆಗೆ ಹೋದ ಡಾರ್ಟ್ಮುಂಡ್‌ಗೂ, ಇಂದಿಗೂ ಸದಸ್ಯರ ಸಂಘವಾಗಿಯೇ ಉಳಿದಿರುವ ಶಾಲ್ಕೆಗೂ ಅದು ಅನ್ವಯಿಸುತ್ತದೆ. ಆದರೆ ನನ್ನ ದೃಷ್ಟಿಯಲ್ಲಿ ನಿಯಮಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಪ್ರೇಕ್ಷಕರ ಹಟ. 2010ರಲ್ಲಿ ಶಾಲ್ಕೆಯ ಅಂಗಳದಲ್ಲಿ ನಡೆದ ಡರ್ಬಿಗೆ, ಅಂದರೆ ಈ ಎರಡು ತಂಡಗಳ ಮುಖಾಮುಖಿ ಪಂದ್ಯಕ್ಕೆ, ನಿಲ್ಲುವ ಜಾಗದ ದರ 20 ಯೂರೋ ದಾಟಿದಾಗ ಡಾರ್ಟ್ಮುಂಡ್‌ನ ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪು ಆ ಪಂದ್ಯವನ್ನೇ ಬಹಿಷ್ಕರಿಸಿತು. ಎರಡೂ ತಂಡಗಳು ಒಂದೇ ದರ್ಜೆಯಲ್ಲಿದ್ದಾಗ ವರ್ಷಕ್ಕೆ ಎರಡೇ ಬಾರಿ ಬರುವ, ಕೆಲವರು ಜೀವಕ್ಕಿಂತ ಮಿಗಿಲೆಂದು ಭಾವಿಸುವ ಪಂದ್ಯವನ್ನು ದರದ ಕಾರಣಕ್ಕೆ ಬಿಟ್ಟುಕೊಡುವುದೆಂದರೆ ಏನೆಂದು ಈ ಊರುಗಳಲ್ಲಿ ಬದುಕಿದವರಿಗೆ ಗೊತ್ತು. ‘ಕೈನ್ ಸ್ವಾನಿ’, ಅಂದರೆ ಇಪ್ಪತ್ತು ಕೊಡೆವು ಎಂಬ ಆ ಚಳವಳಿ ಮುಂದೆ ಬೇರೆ ಕ್ಲಬ್‌ಗಳ ಅಭಿಮಾನಿಗಳಿಗೂ ಹಬ್ಬಿತು. 2016ರ ಫೆಬ್ರವರಿಯಲ್ಲಿ ಸ್ಟಟ್‌ಗಾರ್ಟ್‌ನ ಕಪ್ ಪಂದ್ಯದಲ್ಲಿ ದುಬಾರಿ ದರವನ್ನು ಪ್ರತಿಭಟಿಸಿ ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದವರೂ ಡಾರ್ಟ್ಮುಂಡ್‌ನವರೇ.

ಶಾಲ್ಕೆಯ ಅಭಿಮಾನಿಗಳೂ ಹಿಂದೆ ಬಿದ್ದಿಲ್ಲ. 2013ರಲ್ಲಿ ಅವರ ಕ್ಲಬ್ ವಿಯಾಗೋಗೋ ಎಂಬ ಮರುಮಾರಾಟ ಸಂಸ್ಥೆಯೊಂದಿಗೆ ಮಾಡಿಕೊಂಡ ಒಪ್ಪಂದ ಜಾರಿಗೆ ಬಂದಾಗ, ಮೂಲ ದರದ ಮೇಲೆ ಭಾರಿ ಲಾಭ ಇಟ್ಟು ಟಿಕೆಟ್ ಮಾರಲು ಅದು ದಾರಿಯಾಗುತ್ತದೆಂದು ಸದಸ್ಯರು ತಿರುಗಿ ಬಿದ್ದರು. ಅದೇ ವರ್ಷ ಒಪ್ಪಂದ ಮುರಿದುಬಿತ್ತು. ಪರಸ್ಪರ ಮುಖ ಕೊಟ್ಟು ಮಾತನಾಡದ ಎರಡು ಅಭಿಮಾನಿ ವರ್ಗಗಳು ಟಿಕೆಟ್ ದರದ ವಿಷಯದಲ್ಲಿ ಮಾತ್ರ ಒಂದೇ ಮಾತನ್ನು ಆಡುವುದು ನನಗೆ ಬಹಳ ಗೌರವದ ಸಂಗತಿಯಾಗಿ ಕಾಣುತ್ತದೆ.

ಈಗ ಟಿಕೆಟ್ ಸಿಗುವ ಮಾತಿಗೆ ಬರೋಣ, ಏಕೆಂದರೆ ನನ್ನ ಒಲವು ಡಾರ್ಟ್ಮುಂಡ್‌ನಿಂದ ಶಾಲ್ಕೆಯ ಕಡೆಗೆ ವಾಲಿದ್ದು ಇಲ್ಲಿಯೇ. ಡಾರ್ಟ್ಮುಂಡ್‌ನ 81,365 ಜಾಗಗಳಲ್ಲಿ ಸುಮಾರು 55,000 ಸೀಸನ್ ಟಿಕೆಟ್‌ದಾರರದು. ನಿಯಮದ ಪ್ರಕಾರ ಸಾಮರ್ಥ್ಯದ ಶೇಕಡ 10ರವರೆಗೆ ಎದುರಾಳಿ ತಂಡದ ಅಭಿಮಾನಿಗಳಿಗೆ ಹೋಗುತ್ತದೆ. ಪ್ರಾಯೋಜಕರು ಮತ್ತು ಅತಿಥಿಗಳ ಪಾಲು ಬೇರೆ. ಉಳಿದದ್ದಕ್ಕೆ ಎರಡು ಲಕ್ಷಕ್ಕೂ ಹೆಚ್ಚಿನ ಸದಸ್ಯರು ಮೊದಲು ಕೈಹಾಕುತ್ತಾರೆ. ಸಾರ್ವಜನಿಕ ಮಾರಾಟಕ್ಕೆ ಬರುವ ಹೊತ್ತಿಗೆ ಉಳಿಯುವುದು ಒಂಟಿ ಆಸನಗಳು ಅಥವಾ ಕಂಬದ ಮರೆಯ ಮೂಲೆಗಳು. ಹಳದಿ ಗೋಡೆಯಂತೂ ಬಹುಪಾಲು ಸೀಸನ್ ಟಿಕೆಟ್‌ದಾರರ ಸ್ವತ್ತು; ಆ ಟಿಕೆಟ್‌ಗಳು ಕುಟುಂಬದೊಳಗೆ, ಗೆಳೆಯರೊಳಗೆ ಕೈ ಬದಲಾಯಿಸುತ್ತವೆಯೇ ಹೊರತು ಅಂಗಡಿಗೆ ಬರುವುದಿಲ್ಲ. ಹೀಗಾಗಿ ಅಲ್ಲಿನ ಅಗ್ಗದ ದರ ನಿಜವಾದರೂ ಅದು ನಮ್ಮಂಥ ಹೊಸಬರ ಪಾಲಿಗೆ ಕಾಗದದ ಮೇಲಿನ ದರ.

ಶಾಲ್ಕೆಯಲ್ಲೂ ಸೀಸನ್ ಟಿಕೆಟ್‌ದಾರರು 40 ಸಾವಿರ ದಾಟುತ್ತಾರೆ. ಆದರೆ ಮೂರು ದಶಕ ಮೇಲಿನ ಲೀಗ್‌ನಲ್ಲೇ ಇದ್ದ ತಂಡ 2021ರಲ್ಲಿ ಎರಡನೇ ದರ್ಜೆಗೆ ಇಳಿದು, ಮರುವರ್ಷ ಮೇಲೆ ಬಂದು, 2023ರಲ್ಲಿ ಮತ್ತೆ ಇಳಿದ ನಂತರದ ಪಂದ್ಯಗಳಲ್ಲಿ ಸದಸ್ಯರಲ್ಲದವರಿಗೂ ಸರಿಯಾದ ದರಕ್ಕೆ ಸರಿಯಾದ ಜಾಗ ಸಿಕ್ಕಿದೆ. ಹಾಗೆಂದು ಕ್ರೀಡಾಂಗಣ ಖಾಲಿ ಬಿದ್ದಿರಲಿಲ್ಲ. 2023-24ರಲ್ಲಿ ತಂಡ ಎರಡನೇ ದರ್ಜೆಯಲ್ಲಿ 10ನೇ ಸ್ಥಾನಕ್ಕೆ ಕುಸಿದಿದ್ದಾಗಲೂ ಸರಾಸರಿ ಪ್ರೇಕ್ಷಕರ ಸಂಖ್ಯೆ 60 ಸಾವಿರ ಮೀರಿತ್ತು. ಗೆಲ್ಲುವ ತಂಡಕ್ಕೆ 81 ಸಾವಿರ ಜನ ಬರುವುದು ದೊಡ್ಡದೇ. ಸೋಲುತ್ತಲೇ ಇರುವ ತಂಡಕ್ಕೆ 60 ಸಾವಿರ ಜನ ಬರುವುದನ್ನು ನಾನು ಅದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಪ್ರೇಕ್ಷಕರ ಸಂಖ್ಯೆಯನ್ನು ಹಿಡಿದು ಎರಡೂ ಕಡೆಯ ಅಭಿಮಾನಿಗಳು ಒಬ್ಬರನ್ನೊಬ್ಬರು ಕೆಣಕುವಾಗ ಈ ವ್ಯತ್ಯಾಸವನ್ನು ಯಾರೂ ಎತ್ತುವುದಿಲ್ಲ.

ಒಳಗೆ ಹೋದ ಮೇಲಿನ ಅನುಭವದಲ್ಲಿ ಗೆಲುವು ಹಂಚಿಹೋಗುತ್ತದೆ. ಡಾರ್ಟ್ಮುಂಡ್‌ನ ಸ್ಟ್ಯಾಂಡ್‌ಗಳು ಕಡಿದಾಗಿವೆ. ಮೇಲಿನ ಸಾಲುಗಳಿಂದಲೂ ಆಟಗಾರರ ಸ್ಥಾನಪಲ್ಲಟ, ಎರಡೂ ರಕ್ಷಣಾ ಸಾಲುಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ. ದಕ್ಷಿಣದ ಸ್ಟ್ಯಾಂಡ್‌ನ ಕೆಳಸಾಲುಗಳಲ್ಲಿ ನಿಂತವರಿಗೆ ಮಾತ್ರ ಗೋಲಿನ ಹಿಂದಿನ ಬಲೆ ಮತ್ತು ಎದುರಿಗೆ ಬೀಸುವ ದೊಡ್ಡ ಬಾವುಟಗಳ ನಡುವೆ ಆಟದ ಅರ್ಧ ಭಾಗ ಕೈತಪ್ಪುತ್ತದೆ. ಅಲ್ಲಿ ಎದೆಯ ಮಟ್ಟದ ಕಬ್ಬಿಣದ ಅಡ್ಡಪಟ್ಟಿಗಳಿಗೆ ಒರಗಿ ನಿಲ್ಲಬೇಕು. ಗೋಲು ಬಿದ್ದಾಗ ಹಿಂದಿನ ಸಾಲಿನ ಭಾರವೆಲ್ಲ ಬೆನ್ನ ಮೇಲೆ ಬರುತ್ತದೆ, ಮುಂದಿನವರ ಲೋಟದ ಬಿಯರ್ ತಲೆಯ ಮೇಲೆ ಸುರಿಯುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಜಾಗ ಅದಲ್ಲ. ಶಾಲ್ಕೆಯಲ್ಲಿ ಚಾವಣಿ ಮುಚ್ಚಿದ ಚಳಿಗಾಲದ ರಾತ್ರಿಗಳಲ್ಲಿ ಹಾಡು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಸುತ್ತುತ್ತದೆ. ಜನ 19 ಸಾವಿರ ಕಡಿಮೆ ಇದ್ದರೂ ಕಿವಿಗೆ ಕಡಿಮೆ ಎನಿಸುವುದಿಲ್ಲ. ಮಳೆ, ಹಿಮ, ಗಾಳಿಯ ಕಾಟವಿಲ್ಲದ ಕಾರಣ ಊರಿನಿಂದ ಬಂದ ಹಿರಿಯರನ್ನು ಡಿಸೆಂಬರ್‌ನಲ್ಲೂ ಧೈರ್ಯವಾಗಿ ಕರೆದೊಯ್ಯಬಹುದು.

ಊಟದ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಎರಡೂ ಕಡೆ ಸಾಸೇಜ್‌ನದೇ ರಾಜ್ಯ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಫ್ರೈಸ್, ಪ್ರೆಟ್ಸೆಲ್ ಜೊತೆಗೆ ಮಾಂಸವಿಲ್ಲದ ಕೆಲವು ತಿನಿಸುಗಳೂ ಸಿಗುತ್ತವೆ. ಎ4 ಹಾಳೆಗಿಂತ ದೊಡ್ಡ ಚೀಲ ತಂದರೆ ಬಾಗಿಲಲ್ಲೇ ತಡೆಯುತ್ತಾರೆ, ಆದ್ದರಿಂದ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವ ಯೋಚನೆ ಬೇಡ.

ಇವೆರಡು ತಂಡಗಳೇ ಮುಖಾಮುಖಿಯಾಗುವ ಡರ್ಬಿಗೆ ಮೊದಲ ಪಂದ್ಯವೆಂದು ಹೋಗುವ ಆಸೆ ಇದ್ದವರಿಗೆ ನನ್ನ ಸಲಹೆ ಬೇರೆ. ಆ ಟಿಕೆಟ್ ಸದಸ್ಯರಿಗೇ ಸಿಗುವುದು ಕಷ್ಟ. ಹೊರಗಿನ ಮರುಮಾರಾಟಗಾರರು ಮೂಲ ದರದ ಹಲವು ಪಟ್ಟು ಕೇಳುತ್ತಾರೆ, ಕೊಂಡ ಟಿಕೆಟ್ಟನ್ನು ಕ್ಲಬ್ ರದ್ದು ಮಾಡುವ ಅಪಾಯವೂ ಇದೆ. ಪ್ರೇಕ್ಷಕರಿಲ್ಲದ ಡರ್ಬಿ ಹೇಗಿರುತ್ತದೆ ಎಂಬುದನ್ನು 2020ರ ಮೇ 16ರಂದು ಇಡೀ ಜಗತ್ತು ನೋಡಿದೆ: ಕೊರೋನಾ ವಿರಾಮದ ನಂತರ ಡಾರ್ಟ್ಮುಂಡ್ 4-0 ಅಂತರದಲ್ಲಿ ಗೆದ್ದ ಆ ಪಂದ್ಯದಲ್ಲಿ ಆಟಗಾರರು ಗೆಲುವನ್ನು ಹಂಚಿಕೊಳ್ಳಲು ಖಾಲಿ ದಕ್ಷಿಣ ಸ್ಟ್ಯಾಂಡ್‌ನ ಎದುರು ಹೋಗಿ ನಿಂತರು. ಅಷ್ಟು ಬೆಲೆಯುಳ್ಳ ಜಾಗವನ್ನು ದಲ್ಲಾಳಿಗೆ ಮುನ್ನೂರು ನಾನೂರು ಯೂರೋ ಕೊಟ್ಟು ಕೊಳ್ಳುವುದು, ಆ ದರವನ್ನು ತಡೆಯಲು ಹೋರಾಡಿದವರಿಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ.

ಎರಡೂ ಕ್ಲಬ್‌ಗಳ ಮೇಲೆ ನನ್ನದೊಂದು ಆಕ್ಷೇಪವಿದೆ. ಪ್ರಕಟವಾಗುವ ಪ್ರೇಕ್ಷಕರ ಸಂಖ್ಯೆ ಮಾರಾಟವಾದ ಟಿಕೆಟ್‌ಗಳದು, ಬಾಗಿಲು ದಾಟಿ ಒಳಬಂದವರದಲ್ಲ. ವಾರದ ನಡುವಿನ ಅಥವಾ ಕೊರೆಯುವ ಚಳಿಯ ಪಂದ್ಯಗಳಲ್ಲಿ ಪರದೆಯ ಮೇಲೆ ಪೂರ್ಣ ಭರ್ತಿಯ ಸಂಖ್ಯೆ ಮೂಡುತ್ತಿದ್ದಾಗಲೇ ಪಕ್ಕದ ಸಾಲಿನಲ್ಲಿ ಖಾಲಿ ಆಸನಗಳು ಕಾಣುತ್ತವೆ. ಬರಲಾಗದ ಸೀಸನ್ ಟಿಕೆಟ್‌ದಾರರು ತಮ್ಮ ಜಾಗವನ್ನು ಮೂಲ ದರಕ್ಕೆ ಬಿಟ್ಟುಕೊಡಲು ಕ್ಲಬ್‌ಗಳದೇ ಅಧಿಕೃತ ವ್ಯವಸ್ಥೆ ಇದೆ, ಆದರೆ ಬಿಟ್ಟುಕೊಡಲೇಬೇಕೆಂಬ ಒತ್ತಾಯ ಸಾಲದು. ಒಂದು ಸೀಸನ್‌ನಲ್ಲಿ ಇಂತಿಷ್ಟು ಪಂದ್ಯಗಳಿಗೆ ಬಾರದೆ, ಜಾಗವನ್ನೂ ಬಿಟ್ಟುಕೊಡದೆ ಇರುವವರ ಸೀಸನ್ ಟಿಕೆಟ್ಟನ್ನು ಮುಂದಿನ ವರ್ಷ ನವೀಕರಿಸಬಾರದು. ಅದು ಜಾರಿಯಾದರೆ ಹೊಸ ಸ್ಟ್ಯಾಂಡ್ ಕಟ್ಟದೆ, ದರ ಏರಿಸದೆ, ಕಾಯುವವರ ಪಟ್ಟಿಯಲ್ಲಿರುವ ಎಷ್ಟೋ ಮಂದಿಗೆ ಡಾರ್ಟ್ಮುಂಡ್‌ನ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ, ಮೊದಲ ಬಾರಿಗೆ ಹೋಗುವವರು ಅಧಿಕೃತ ಮರುಮಾರಾಟದ ಪುಟವನ್ನು ಪಂದ್ಯದ ಹಿಂದಿನ ಎರಡು ದಿನಗಳಲ್ಲಿ ಮತ್ತೆ ಮತ್ತೆ ತೆರೆದು ನೋಡಲಿ, ಸಿಗದಿದ್ದರೆ 302ರ ಟ್ರಾಮ್ ಹತ್ತಲಿ.